ಪಿಲಮ್ಮನ ಕೂಸಿಗೆ ನಾನು ಬಿಟ್ಟ ನೀರು

ಬಸ್ಸು ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ತಿರುಗಿದರೆ ಸಾಕು, ಬ್ಯಾರನ್ನು ಎನ್ನುವ ಒಲೆಮನೆಗಳಲ್ಲಿ ಬೇಯುವ ಹೊಗೆಸೊಪ್ಪಿನ ಘಾಟು ಕಿಟಕಿಯಿಂದ ನುಗ್ಗುತ್ತದೆ. ಮಿರ್ಲೆಗೆ ಮದುವೆಯಾಗಿ ಹೋದಮೇಲೆ ನನ್ನ ಮೂಗು ಭತ್ತದ ಗದ್ದೆಗೆ ಒಗ್ಗಿದೆ. ಹೋದ ವಾರ ತವರಿಗೆ ಹೊರಟಾಗ ಆ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದಾಕೆ ಬಸುರಿಯೆಂದು ತಿಳಿದು ನಿಂಬೆಹಣ್ಣು ಕೊಟ್ಟಳು. ನನಗೆ ಮೂವತ್ತೆರಡು, ಎರಡು ಹೆತ್ತಿದ್ದೇನೆ, ಸಾಕು. ಆ ವಾಸನೆ ನೆನಪಿಗೆ ತಂದದ್ದು ನಾನು ಹಿಂದೆ ಹೇಳಿದ ಒಂದು ಸುಳ್ಳನ್ನು.

ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಹೊಗೆಸೊಪ್ಪು ವಿಂಗಡಿಸಲು ಬರುತ್ತಿದ್ದವಳು ಫಿಲೋಮಿನಾ. ಅಷ್ಟುದ್ದದ ಹೆಸರು ನಮ್ಮೂರ ನಾಲಿಗೆಗೆ ದಕ್ಕದೆ ಪಿಲಮ್ಮ ಆದಳು. ಊರಿಗೆಲ್ಲ ಅವರದೊಂದೇ ಕ್ರೈಸ್ತರ ಮನೆ. ಗಂಡ ಚೌರಪ್ಪ ನಮ್ಮ ಬ್ಯಾರನ್ನಿನ ಒಲೆ ನೋಡಿಕೊಳ್ಳುತ್ತಿದ್ದ. ಸೊಪ್ಪು ಒಳಗೆ ಬೇಯುವಾಗ ಒಲೆ ಬಿಟ್ಟು ಕದಲುವಂತಿಲ್ಲ. ಆದರೂ ಭಾನುವಾರ ಇಬ್ಬರಲ್ಲೊಬ್ಬರು ಎರಡು ಹರದಾರಿ ನಡೆದು ಚರ್ಚಿಗೆ ಹೋಗಿಬರುತ್ತಿದ್ದರು. "ಅಲ್ಲೇನು ಕೊಡ್ತಾರಕ್ಕ?" ಎಂದು ಕೀಟಲೆ ಮಾಡಿದರೆ, "ಕೂತ್ಕಳಾಕೆ ಜಾಗ ಕೊಡ್ತಾರೆ ಕಣವ್ವ" ಎನ್ನುತ್ತಿದ್ದಳು. ಎರಡು ಬಸಿರು ಹೋಗಿ ಮೂರನೆಯದು ನಿಂತಿತ್ತು.

ಅದೂ ಏಳು ತಿಂಗಳಿಗೇ, ಹಾಡಹಗಲು ಅವಳ ಮನೆಯಲ್ಲೇ ಹೆರಿಗೆಯಾಯಿತು. ಚೌರಪ್ಪ ಜೀಪು ತರಲು ಓಡಿದ್ದ, ನಮ್ಮವ್ವ ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದಳು. ಬೆಕ್ಕಿನ ಮರಿಯಷ್ಟಿದ್ದ ಗಂಡುಕೂಸು ನನ್ನ ಮಡಿಲಲ್ಲಿ ನೀಲಿಗಟ್ಟುತ್ತಿತ್ತು. ಮಂಚದಿಂದ ಏಳಲಾರದ ಪಿಲಮ್ಮ ಹೇಳಿದಳು:

"ಜೀವ ಓಗ್ತಾ ಅದೆ ಕಣವ್ವ. ಜ್ಞಾನಸ್ನಾನ ಮಾಡ್ಸು. ಇಂಥಾ ಒತ್ನಲ್ಲಿ ಯಾರು ಬೇಕಾದ್ರೂ ಮಾಡ್ಬೈದು. ತಲೆ ಮ್ಯಾಲೆ ಮೂರು ಸಲ ನೀರು ಉಯ್ದು, ಪಿತನ, ಸುತನ, ಪವಿತ್ರಾತ್ಮನ ಹೆಸ್ರಲ್ಲಿ ಅನ್ನು."

ಜ್ಞಾನಸ್ನಾನವಾಗದ ಕೂಸುಗಳನ್ನು ಸಮಾಧಿಭೂಮಿಯ ಬೇಲಿಯಾಚೆ ಹೂಳುತ್ತಿದ್ದರೆಂದು ಅವಳಜ್ಜಿ ಹೇಳಿದ್ದಳಂತೆ. ಅವಳಿಗೆ ಅದೇ ಭಯ.

ಆಗ ನನಗೆ ಹತ್ತೊಂಬತ್ತು. ಹಿಂದಿನ ವರ್ಷ ತಾತ ಹೋಗುವಾಗ ಬಾಯಿಗೆ ತುಳಸಿನೀರು ಬಿಟ್ಟ ಕೈ ಇದು. ಸಾಯುವವರಿಗೆ ಬಾಯಿಗೆ ನೀರು ಬಿಡಬೇಕು, ನನಗೆ ಗೊತ್ತಿದ್ದದ್ದು ಅಷ್ಟೇ. ಕೂಸಿಗೆ ಹಾಲು ಕುಡಿಸುವ ಒಳಲೆಯಲ್ಲಿ ನೀರು ತೆಗೆದು ಕೂಸಿನ ತುಟಿಗೆ ಮೂರು ಸಲ ತೊಟ್ಟಿಕ್ಕಿಸಿದೆ. ಅವಳು ಹೇಳಿದ ಹೆಸರುಗಳನ್ನೂ ಹೇಳಿದೆ. ಕೂಸು ತುಟಿ ಆಡಿಸಿತು. ತಲೆ ಮೇಲೆ ಎಂದದ್ದು ನೆನಪಾಗಿ ಮತ್ತೆ ನೀರು ತೆಗೆಯುವಷ್ಟರಲ್ಲಿ ಉಸಿರು ನಿಂತಿತ್ತು.

ಸಂಜೆ ಚರ್ಚಿನ ಫಾದರ್ ಬಂದು ನನ್ನನ್ನು ಕೇಳಿದರು, "ನೀರು ಹಾಕಿದ್ಯಾ ತಾಯಿ?" ಪಿಲಮ್ಮ ನನ್ನನ್ನೇ ನೋಡುತ್ತಿದ್ದಳು.

"ಹೂಂ, ತಲೆ ಮೇಲೇ ಹಾಕ್ದೆ," ಎಂದೆ.

ಕೂಸಿಗೆ ಬೇಲಿಯೊಳಗೇ ಜಾಗ ಸಿಕ್ಕಿತು. ಮಣ್ಣಿಗೆ ನಾನು ಹೋಗಲಿಲ್ಲ. ಊರವರು ನನ್ನನ್ನು ಅರ್ಧ ಫಾದರ್ ಎಂದು ಚುಡಾಯಿಸಿದರು, ನಾನೂ ಹಲ್ಲು ಕಿರಿದೆ.

ಪಿಲಮ್ಮನಿಗೆ ಮತ್ತೆ ಬಸಿರು ನಿಲ್ಲಲಿಲ್ಲ. ನಾಲ್ಕು ವರ್ಷಕ್ಕೆ ಚೌರಪ್ಪ ಕೆಮ್ಮಿ ಕೆಮ್ಮಿ ಸತ್ತ. ಅವಳು ಮಾತ್ರ ಭಾನುವಾರದ ನಡಿಗೆ ಬಿಡಲಿಲ್ಲ. ನನ್ನ ಜಂಬ ನೋಡಿ: ಅವಳು ನಿಂತಿರುವುದೇ ನನ್ನ ಸುಳ್ಳಿನ ಮೇಲೆ, ಅದನ್ನು ಎಳೆದುಬಿಟ್ಟರೆ ಕುಸಿದುಹೋಗುತ್ತಾಳೆ ಎಂದುಕೊಂಡಿದ್ದೆ. ತವರಿಗೆ ಬಂದಾಗಲೆಲ್ಲ ಅವಳ ಬೀದಿ ತಪ್ಪಿಸಿ ಓಡಾಡುತ್ತಿದ್ದೆ.

ಹೋದ ವಾರ ತಪ್ಪಿಸಲಿಲ್ಲ. ಆ ಸುಳ್ಳನ್ನು ಹೊತ್ತು ಹೊತ್ತು ಸಾಕಾಗಿತ್ತು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳ ಎದುರು ಕುಳಿತು ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತು ಕಣವ್ವ. ಮಂಚದಿಂದ ಕಾಣ್ತಿತ್ತು."

"ಮತ್ತೆ ಫಾದರ್ ಮುಂದೆ ಯಾಕಕ್ಕ ಸುಮ್ನಿದ್ದೆ?"

"ಬಾಯ್ಬುಟ್ರೆ ಕೂಸ್ನ ಬೇಲಿಯಾಚ್ಗೆ ಆಕ್ಬುಡ್ತಾರೆ ಅಂತ. ಆ ಸುಳ್ಳು ನಿಂದೊಬ್ಳದೇ ಅಲ್ಲ ಬುಡು." ಸಿಪ್ಪೆ ಒತ್ತಟ್ಟಿಗೆ ಸರಿಸಿದಳು. "ಒಂದು ವರ್ಸ ಚರ್ಚಲ್ಲಿ ಕೂತ್ರೂ ಪ್ರಾರ್ಥನೆ ಬರ್ನಿಲ್ಲ. ನನ್ ಕೂಸು ಎಲ್ಲದೆ ಅಂತ ಕೇಳೋಳು, ಉತ್ರಾನೇ ಇಲ್ಲ. ಆಮೇಲೊಂದು ಶುಭ ಶುಕ್ರವಾರ, ಏಸಪ್ಪ ಶಿಲುಬೆ ಮ್ಯಾಲೆ ದಾಹ ಅಂದಿದ್ದು ಓದುದ್ರು. ಅವ್ನಿಗೆ ಹುಳಿರಸ ಕೊಟ್ರು ಕಣವ್ವ, ಒಂದು ತೊಟ್ಟು ನೀರು ಕೊಡೋರು ಇರ್ನಿಲ್ಲ. ನನ್ ಕೂಸಿಗೆ ನೀನು ಕೊಟ್ಟಿದ್ದೆ. ಅವ್ನಿಗೆ ದಾಹ ಗೊತ್ತು, ಅವ್ನೇ ನೋಡ್ಕತನೆ ಅಂದ್ಕಂಡೆ. ಅವತ್ತಿಂದ ಉಸ್ರಾಡ್ತಾ ಇವ್ನಿ."

ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವಳ ದೇವರ ವಿಷಯ ನನಗೆ ತಿಳಿಯದು, ಈಗಲೂ ತಿಳಿಯದು. ಆದರೆ ಹದಿಮೂರು ವರ್ಷ ಅವಳನ್ನು ಹೊತ್ತಿದ್ದು ನಾನಲ್ಲವೆಂದು ತಿಳಿಯಿತು.

ಮರುದಿನ ಅವಳ ಜೊತೆ ಸಮಾಧಿಗೆ ಹೋದೆ. ಮಣ್ಣು ಕುಸಿದು ಗುರುತೇ ಇರಲಿಲ್ಲ, ಅವಳೇ ಜಾಗ ತೋರಿಸಿದಳು. ಕೂಸಿಗೆ ಅಂತೋಣಿ ಎಂದು ಹೆಸರಿಟ್ಟಿದ್ದಳಂತೆ. ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ.