ಎರಡು ಹೆಸರಿನ ಮೇಡಂ

ಬೈಲಹೊಂಗಲದಲ್ಲಿ ನಮ್ಮ ಮೇಡಂ ಅವರ ಕನ್ನಡಕದಷ್ಟು ಸ್ವಚ್ಛವಾದ ಕನ್ನಡಕ ಇನ್ನೊಂದಿರಲಿಲ್ಲ. ಸಿಟ್ಟು ಬಂದಾಗಲೆಲ್ಲ ಅದನ್ನು ತೆಗೆದು ಸೆರಗಿನಿಂದ ತಿಕ್ಕುವುದು ಅವರ ರೂಢಿ, ಸಿಟ್ಟಂತೂ ದಿನಾ ಬರುತ್ತಿತ್ತು. ಕಾಲೇಜಿನಲ್ಲಿ ನಮಗೆ ಕಂಪ್ಯೂಟರ್ ಕಲಿಸುತ್ತಿದ್ದ ಸುಮಿತ್ರಾ ಮೇಡಂ ನೋಡಲು ಸಣಕಲು ಹೆಂಗಸು. ಆದರೆ ಯಾರದಾದರೂ ಹೆಸರನ್ನು ತಪ್ಪಾಗಿ ಬರೆದು ಕೆಡಿಸಿದ್ದು ಕಣ್ಣಿಗೆ ಬಿತ್ತೆಂದರೆ ಅವರ ದನಿ ಪ್ರಾಚಾರ್ಯರ ಕೋಣೆಯವರೆಗೂ ಮುಟ್ಟುತ್ತಿತ್ತು.

ನನ್ನ ಹೆಸರು ಯಲ್ಲವ್ವ. ಮನೋಳಿಯಲ್ಲಿ ನಮ್ಮದು ಒಕ್ಕಲುತನದ ಮನೆ. ಸಾಲಿಯಲ್ಲಿ ಎಲ್ಲವ್ವ ಎಂದು ಬರೆದರು, ಆಧಾರ್ ಕಾರ್ಡಿನಲ್ಲಿ ಯಲ್ಲಮ್ಮಳಾದೆ, ಇಂಗ್ಲಿಷಿನಲ್ಲಂತೂ ಬರೆದವರಿಗೆ ತಿಳಿದಷ್ಟು. ಪರೀಕ್ಷೆಯ ಅರ್ಜಿ ತುಂಬಲು ಹೋದಾಗ ಆಫೀಸಿನವನು, ಇವರೆಲ್ಲರಲ್ಲಿ ನೀನು ಯಾರವ್ವಾ ಎಂದು ಎಲ್ಲರೆದುರು ನಕ್ಕ. ಈ ಹಳ್ಳಿ ಹೆಸರೇ ಬೇಡ, ಯಾಮಿನಿ ಎಂದಿಟ್ಟುಕೊಳ್ಳುತ್ತೇನೆ ಎಂದು ನಾನು ಅತ್ತೆ. ಮೇಡಂ ಕನ್ನಡಕ ತೆಗೆದರು. ಆಮೇಲೆ ನನ್ನ ರಟ್ಟೆ ಹಿಡಿದು ಆಫೀಸಿಗೆ ನಡೆಸಿಕೊಂಡು ಹೋದರು.

“ಈ ಹುಡುಗಿ ದಿನಾ ನಿಮ್ಮ ಕಣ್ಣ ಮುಂದ ಓಡಾಡ್ತಾಳ,” ಎಂದು ಅವನಿಗೆ ಹೇಳಿದರು. “ಈಕಿ ಯಾರು ಅಂತ ಮಷೀನಿನ್ನ ಕೇಳಬೇಕೇನ್ರಿ?”

ಅರ್ಜಿ ಹೋಯಿತು, ಅವರ ಸಿಟ್ಟು ಇಳಿಯಲಿಲ್ಲ. ಆ ಸಿಟ್ಟಿನಲ್ಲೇ ಕೂತು ಒಂದು ಪ್ರೋಗ್ರಾಮ್ ಬರೆದರು. ಎರಡು ಹೆಸರು ಕೊಟ್ಟರೆ, ಒಂದನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಬದಲಿಸಬೇಕೆಂದು ಅದು ಎಣಿಸುತ್ತಿತ್ತು. ಆಮೇಲೆ ಒಂದೇ ಥರ ಕೇಳಿಸುವ ಅಕ್ಷರಗಳನ್ನು ಒಂದೇ ಗುಂಪಿಗೆ ಸೇರಿಸಿ, ಉಚ್ಚಾರದಲ್ಲಿ ಎರಡೂ ಎಷ್ಟು ಹತ್ತಿರ ಎಂದು ನೋಡುತ್ತಿತ್ತು. ಹೊರದೇಶದವರು ಮಾಡಿಟ್ಟ ಸೂತ್ರ ಮೊದಲೇ ಇತ್ತು, ಆದರೆ ಅದು ಇಂಗ್ಲಿಷ್ ಹೆಸರುಗಳಿಗೆ. ಅವರ ಅಳತೆಗೆ ಹೊಲಿದ ಅಂಗಿ ನಾವು ತೊಟ್ಟರ ತೋಳು ಹರೀತಾವ ಎನ್ನುತ್ತಿದ್ದ ಮೇಡಂ, ಶ ಮತ್ತು ಸ ಒಂದೇ ಎಂದರು, ಕೊನೆಯ ಎ ಮತ್ತು ಇ ಒಂದೇ ಎಂದರು, ಅವ್ವನೂ ಅಮ್ಮನೂ ಒಬ್ಬಳೇ ಎಂದರು. ಸವದತ್ತಿಯೂ ಸೌಂದತ್ತಿಯೂ ಒಂದೇ ಊರೆಂದು ಮಷೀನು ಒಪ್ಪಿದ ದಿನ ನಮಗೆಲ್ಲ ಚಹಾ ಕುಡಿಸಿದರು.

ಅವತ್ತು ಕ್ಲಾಸಿನಲ್ಲಿ ಒಬ್ಬೊಬ್ಬರೂ ತಮ್ಮ ಹೆಸರಿನ ಎಲ್ಲ ರೂಪ ಹಾಕಿ ನೋಡಿದೆವು. ಎಲ್ಲವೂ ಹೊಂದಿದವು. ನಿಮ್ಮದೂ ಹಾಕ್ರಿ ಮೇಡಂ ಎಂದು ನಾನೇ ಒತ್ತಾಯ ಮಾಡಿದೆ. ಕನ್ನಡಕ ತೆಗೆದು ತಿಕ್ಕಿ, ಒಂದು ಕಡೆ ಸುಮಿತ್ರಾ ಎಂದೂ ಇನ್ನೊಂದು ಕಡೆ ತುಂಗಾ ಎಂದೂ ಒತ್ತಿದರು. ಹೊಂದುವುದಿಲ್ಲ ಎಂದು ಪರದೆಯ ಮೇಲೆ ಬಂತು.

“ಇದರಾಗ ಮಷೀನಿಂದೇನೂ ತಪ್ಪಿಲ್ಲ,” ಎಂದರು. “ಎಂ.ಎಸ್ಸಿ. ಪಾಸಾದಾಕಿ ತುಂಗಾ. ಆಕಿ ಬ್ಯಾರೆ, ನಿಮ್ಮ ಮುಂದ ನಿಂತಾಕಿ ಬ್ಯಾರೆ ಅಂತದ.”

ಮೇಡಂ ರಾಮದುರ್ಗದ ಪುರೋಹಿತರ ಮನೆಯ ಮಗಳು. ತಂದೆ ಪ್ರೀತಿಯಿಂದ ನದಿಯ ಹೆಸರಿಟ್ಟಿದ್ದರು. ಮದುವೆಯ ದಿನ ಗಂಡ ತಾಟಿನಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಸುಮಿತ್ರಾ ಎಂದು ಬರೆದರು. ಮದುವೆಯಾಗಿ ಬಂದವಳಿಗೆ ಹೊಸ ಹೆಸರಿಡುವುದು ಅವರಲ್ಲಿ ಪದ್ಧತಿಯಂತೆ. ಇವರನ್ನು ಒಂದು ಮಾತು ಕೇಳಿದವರಿಲ್ಲ. ನನ್ನ ಹೆಸರನ್ನು ಕೆಡಿಸಿದವರು ನೆಟ್ಟಗೆ ಬರೆಯಲು ಬಾರದವರು, ಬಿಡಿ. ಇವರ ಹೆಸರನ್ನು ಓದು ಬರಹ ಬಲ್ಲವರೆಲ್ಲ ಸೇರಿ, ಮಂತ್ರ ಹೇಳಿ, ಅಕ್ಷತೆ ಹಾಕಿ ಕಿತ್ತುಕೊಂಡರು. ಮೇಲೆ ಹೋಳಿಗೆ ಊಟವನ್ನೂ ಮಾಡಿದರು. ಇದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಿವೃತ್ತಿಯಾಗುವಾಗ ಮೇಡಂ ಕೇಳಿದ್ದು ಒಂದೇ. ಸನ್ಮಾನಪತ್ರದಲ್ಲಿ ತುಂಗಾ ಎಂದು ಬರೆಸಿರಿ ಅಂದಿದ್ದರು. ಪ್ರಾಚಾರ್ಯರು ಆಗಲಿ ಅಂದರು. ವೇದಿಕೆಯ ಮೇಲೆ ಓದಿದಾಗ ಬಂದದ್ದು ಸುಮಿತ್ರಾ. ದಾಖಲೆಗೆ ಹೊಂದಬೇಕಲ್ರಿ ಎಂದು ಪ್ರಾಚಾರ್ಯರು ಹಲ್ಲು ಕಿರಿದರು. ಮೇಡಂ ತಮಗೆ ಹೊದಿಸಿದ್ದ ಶಾಲನ್ನು ತೆಗೆದು ಮಡಚಿ, ಕುರ್ಚಿಯ ಮೇಲಿಟ್ಟು ಕೆಳಗಿಳಿದರು. ಮುಂದಿನ ಸಾಲಿನಲ್ಲಿದ್ದ ಗಂಡ ಪಕ್ಕದವರಿಗೆ, ವಯಸ್ಸಾತು, ಸಿಟ್ಟು ಜಾಸ್ತಿ ಆಗೇದ ಎನ್ನುತ್ತಿದ್ದರು. ಅಂದಿನಿಂದ ನನ್ನ ಬಾಯಲ್ಲಿ ಅವರು ತುಂಗಾ ಮೇಡಂ.

ಹೋದ ವರ್ಷ ಅವರು ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಅವರ ಮನೆಗೆ ಹೋಗಿದ್ದೆ. ಕದ ತೆಗೆದದ್ದು ಗಂಡ. ಬಹಳ ಮರ್ಯಾದೆಯಿಂದ ಕೂಡಿಸಿ, ಅಡಿಗೆಮನೆಯ ಕಡೆ ತಿರುಗಿ ಸುಮಿತ್ರಾ ಎಂದು ಕೂಗಿದರು. ಒಳಗೆ ಪಾತ್ರೆಗಳ ಸದ್ದು ನಡೆದೇ ಇತ್ತು. ಇನ್ನೂ ಜೋರಾಗಿ ಕೂಗಿದರು.

“ಇತ್ತಿತ್ಲಾಗ ಆಕಿಗೆ ಕಿವಿ ಮಂದ ಆಗ್ಯಾವ,” ಎಂದರು, ನಿಜವಾಗಿಯೂ ಚಿಂತೆಯಿಂದ. “ಧಾರವಾಡಕ್ಕ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಬೇಕು.”

ನಾನು ಕುಳಿತಲ್ಲಿಂದಲೇ, ದನಿ ಏರಿಸದೆ, ತುಂಗಾ ಮೇಡಂ ಅಂದೆ.

ಪಾತ್ರೆಗಳ ಸದ್ದು ನಿಂತಿತು. “ಬಂದೆ, ಯಲ್ಲವ್ವಾ,” ಎಂದು ಒಳಗಿನಿಂದ ಕೂಡಲೇ ಉತ್ತರ ಬಂತು.