ಗ್ರೇಸ್ ಆಂಟಿಯ ಹೆಗಲ ಬ್ಯಾಗು

ದೋಸೆ ಹುಯ್ಯುವಾಗಲೂ ಗ್ರೇಸ್ ಆಂಟಿ ಹೆಗಲ ಬ್ಯಾಗನ್ನು ಇಳಿಸುತ್ತಿರಲಿಲ್ಲ. ಮುಂಬಯಿ ಪಕ್ಕದ ನೆರೂಳಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಅವರದು ಎದುರು ಮನೆ. ಕಂದು ಬಣ್ಣದ ಆ ಸಣ್ಣ ಬ್ಯಾಗಿನಲ್ಲಿ ಪಾಸ್‌ಪೋರ್ಟು, ಟಾರ್ಚು, ಬಿಸ್ಕತ್ತಿನ ಪೊಟ್ಟಣ ಇರುತ್ತಿದ್ದವು. ಆಂಟಿ ಹುಟ್ಟಿದ್ದು ಫಿಲಿಪ್ಪೀನ್ಸಿನ ಒಂದು ದ್ವೀಪದಲ್ಲಿ. ಚಂಡಮಾರುತ ಎದ್ದರೆ ಬ್ಯಾಗು ಹಿಡಿದು ಓಡುವುದನ್ನು ಅವರಮ್ಮ ಕಲಿಸಿದ್ದರಂತೆ.

"ಇಲ್ಲೆಲ್ಲಿ ಗಾಳಿ ಬರ್ತೈತ್ರಿ? ಮನ್ಯಾಗರ ತೆಗದಿಡ್ರಿ," ಎಂದು ಬಾಗಲಕೋಟೆಯ ನನ್ನಮ್ಮ ಛೇಡಿಸುತ್ತಿದ್ದಳು.

"ಗಾಳಿ ಹೇಳಿ ಬರುದಿಲ್ಲ ಅಕ್ಕ."

ಅದು ಉಡುಪಿ ಕಡೆಯ ಅತ್ತೆ ಕಲಿಸಿದ ಕನ್ನಡ. ಗಂಡ ಸುಧಾಕರಣ್ಣ ಹಡಗಿನ ಎಂಜಿನಿಯರ್, ಮನೆಯಲ್ಲಿರುವುದೇ ಅಪರೂಪ. ಯಾರಾದರೂ "ಕನ್ನಡ ಎಷ್ಟು ಚೆಂದ ಮಾತಾಡ್ತೀರಿ!" ಎಂದರೆ ಆಂಟಿಯ ಮುಖ ಗಂಟಾಗುತ್ತಿತ್ತು. "ನಿಂಗೆ ಯಾರಾದ್ರೂ ಹಾಗೆ ಹೇಳ್ತಾರಾ? ನಿನ್ನ ಕನ್ನಡ ನನ್ನಷ್ಟೂ ಇಲ್ಲ," ಎಂದು ಒಮ್ಮೆ ನನಗೇ ಅಂದರು. ನಿಜ. ಕನ್ನಡದಲ್ಲಿ ಶುರುಮಾಡಿದ ವಾಕ್ಯವನ್ನು ಮರಾಠಿಯಲ್ಲಿ ಮುಗಿಸುವವಳು ನಾನು. ಮರುದಿನದಿಂದ ಕನ್ನಡದಲ್ಲಿ ಡೈರಿ ಬರೆಯತೊಡಗಿದೆ.

ಹೋದ ವರ್ಷ ಅವರಿಗೊಂದು ಸರ್ಕಾರಿ ಪತ್ರ ಬಂತು. ಭಾರತದ ಪೌರತ್ವ ಕೊಡಲು ಒಪ್ಪಿಗೆ ಇದೆ, ಮೊದಲು ಹಳೆಯದನ್ನು ಬಿಟ್ಟುಕೊಟ್ಟ ದಾಖಲೆ ತನ್ನಿ ಎಂದು. ಆಂಟಿ ಬಿಟ್ಟುಕೊಟ್ಟರು. ಪಾಸ್‌ಪೋರ್ಟು ಒಪ್ಪಿಸಿದ ಸಂಜೆ ಜಿಲೇಬಿ ತಂದು ಹಂಚಿದರು. ಬ್ಯಾಗು ಹೆಗಲಿನಿಂದ ಜಾರುತ್ತಲೇ ಇತ್ತು.

"ಇಷ್ಟು ತೆಳ್ಳಗಿನ ಪುಸ್ತಕ ಮಾರಾಯ್ತಿ, ತೆಗೆದ್ರೆ ಬ್ಯಾಗು ನಿಲ್ಲುದೇ ಇಲ್ಲ!"

ಹೊಸ ಪ್ರಮಾಣಪತ್ರ ಬೇಗ ಬರಬೇಕಿತ್ತು. ನಾನು ಪ್ರತಿ ಸಂಜೆ ವಿಚಾರಿಸಿ, ಬಾರದ ದಿನಕ್ಕೊಂದು ಗೀಟನ್ನು ಡೈರಿಯಲ್ಲಿ ಎಳೆಯುತ್ತಿದ್ದೆ. ಗೀಟುಗಳು ಎರಡನೇ ಪುಟಕ್ಕೆ ದಾಟಿದಾಗ ದ್ವೀಪದಿಂದ ಫೋನು ಬಂತು: ಅಮ್ಮ ಜಾರಿಬಿದ್ದು ಸೊಂಟ ಮುರಿದಿದೆ, ಗ್ರೇಸ್ ಬರಲಿ ಎನ್ನುತ್ತಿದ್ದಾರೆ. ಹೋಗಲು ಪಾಸ್‌ಪೋರ್ಟೇ ಇಲ್ಲ. ಆಂಟಿ ಹಳೆಯ ದೇಶದವರಲ್ಲ, ಹೊಸ ದೇಶದವರು ಇನ್ನೂ ಆಗಿಲ್ಲ. ಅಂದಿನಿಂದ ಅವರು ಕೂತದ್ದನ್ನು ನಾನು ಕಾಣೆ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಅವರ ಚಪ್ಪಲಿಯ ಸದ್ದು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು.

ಒಂದು ದಿನ ಅವರೊಂದಿಗೆ ಪೌರತ್ವದ ಕಚೇರಿಗೆ ಹೋದೆ. ಗುಮಾಸ್ತ ತಲೆ ಎತ್ತದೆ ಕೇಳಿದ, "ಮ್ಯಾಡಮ್, ನ್ಯಾಷನಾಲಿಟಿ?"

"ವಹೀ ತೋ ಆಪ್‌ಕೇ ಪಾಸ್ ಹೈ, ಭಾಯ್‌ಸಾಬ್," ಎಂದರು ಆಂಟಿ. ಅದೇ ನಿಮ್ಮ ಹತ್ತಿರ ಇದೆಯಲ್ಲ!

ಗುಮಾಸ್ತ ನಕ್ಕ. ಆಮೇಲೆ ನಗು ನಿಲ್ಲಿಸಿ ಕಡತ ಹುಡುಕಲು ಎದ್ದ.

ವಾಪಸು ಬರುವಾಗ ಲೋಕಲ್ ರೈಲು ಖಾಲಿಯಿತ್ತು. ಆದರೂ ಆಂಟಿ ಬಾಗಿಲ ಕಂಬ ಹಿಡಿದೇ ನಿಂತರು. "ನಂಗೆ ಊರು ಎರಡು ಉಂಟು ಮಾರಾಯ್ತಿ. ದೇಶ ಒಂದೂ ಇಲ್ಲ."

ಪ್ರಮಾಣಪತ್ರ ಬಂದದ್ದು ಮಳೆಗಾಲ ಮುಗಿದ ಮೇಲೆ, ಅದರ ಹಿಂದೆಯೇ ಪಾಸ್‌ಪೋರ್ಟು. ಹೊರಟ ದಿನ ಟ್ಯಾಕ್ಸಿಯಲ್ಲಿ ಕೂತು, ಬ್ಯಾಗನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿದರು. "ಅಮ್ಮನ ಮನೆಗೆ ನಾನೀಗ ಟೂರಿಸ್ಟ್," ಎಂದು ಕಣ್ಣು ಮಿಟುಕಿಸಿದರು.

ಎದುರು ಮನೆಗೆ ಈಗಲೂ ಬೀಗ. ಕಾರಿಡಾರಿನಲ್ಲಿ ಸದ್ದಿಲ್ಲ. ಮೊನ್ನೆ ಫೋನು ಮಾಡಿದ್ದರು. ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ಭಾರತದ ಪಾಸ್‌ಪೋರ್ಟು ನೋಡಿ, "ನಮ್ಮ ಭಾಷೆ ಎಷ್ಟು ಚೆಂದ ಮಾತಾಡ್ತೀರಿ, ಯಾರು ಕಲಿಸಿದ್ದು?" ಎಂದು ಕೇಳಿದನಂತೆ.

"ನೀವೇನಂದ್ರಿ?"

"ಕಲಿಸಿದವಳನ್ನ ನೋಡ್ಲಿಕ್ಕೇ ಬಂದದ್ದು ಅಂದೆ."

ಅವರ ಹಿಂದೆ ಯಾರೋ ಮುದುಕಿ ಕೆಮ್ಮಿ, ಏನೋ ಗದರಿದ್ದು ಕೇಳಿಸಿತು. "ಬಂದೆ, ಬಂದೆ," ಎನ್ನುತ್ತ ಆಂಟಿ ಫೋನು ಇಟ್ಟರು.