ಬೀಗಿತ್ತಿಯರ ಕೆಮ್ಮಿನ ವಂಶಾವಳಿ

ಗುಂಡ್ಲುಪೇಟೆ ಸುತ್ತಿನ ಮೂಗುಗಳಿಗೆಲ್ಲ ಕಡ್ಡಿ ಹಾಕಿ ಕೊರೊನಾ ಮಾದರಿ ತೆಗೆಯುವುದು ಹಂಗಳದ ನಾಗೇಂದ್ರನ ಕೆಲಸ. ಆ ಕಡ್ಡಿಗೆ ಸೀನಿದವರ ಸದ್ದಿಗೆ ಬೆದರಿ ಬಂಡೀಪುರದ ಆನೆಗಳು ಕೇರಳದ ಚೆಕ್‌ಪೋಸ್ಟಿನವರೆಗೆ ಓಡಿ, ಅಲ್ಲಿ ಲಾರಿಗಳ ಹಿಂದೆ ಸಾಲಾಗಿ ನಿಂತದ್ದುಂಟು. ಇಂಥವನ ಮನೆಗೇ 2023ರ ಕೊನೆಯಲ್ಲಿ, ಅವರೆಕಾಯಿ ಕಾಲದಲ್ಲಿ, ಕೆಮ್ಮು ಹೊಕ್ಕಿತು.

ಅವ್ವ ಚಿಕ್ಕಮಾದಮ್ಮ ಕೆಮ್ಮಿದಳು. ಅದೇ ದಿನ ಗೋಡೆಯಾಚೆ ಅತ್ತೆ ಚಿಕ್ಕನಿಂಗಮ್ಮನೂ ಕೆಮ್ಮಿದಳು. ಬೀಗಿತ್ತಿಯರಿಬ್ಬರೂ ಹಿಂದಿನ ವಾರ ಒಂದೇ ಜಗಲಿಯಲ್ಲಿ ಮಂಡಿಗೆ ಮಂಡಿ ತಾಗಿಸಿ ನೆನೆದ ಅವರೆಕಾಳು ಹಿತುಕಿದ್ದರು.

"ನಿಮ್ಮತ್ತೆ ಕೆಮ್ಮು ಗ್ವಾಡೆ ಹಾರ್ಕಂಡು ಬಂತು ಕಣ್ಲಾ," ಎಂದಳು ಅವ್ವ.

"ಅಳೀಮಯ್ಯ, ನಿಮ್ಮವ್ವ ಅವತ್ತು ಇತುಕಿದ್ದು ಅವರೆಕಾಳಲ್ಲ, ನನ್ ಗಂಟಲ," ಎಂದಳು ಅತ್ತೆ, ಆಚೆಯಿಂದ.

ಹೆಂಡತಿ ಭಾಗ್ಯ ತಾಯಿಯ ಪರ ಒಂದು ಮಾತಾಡಿದಳು. ಅವ್ವ ಒಂದು ಗಾಡಿಯಷ್ಟು ಆಡಿದಳು. "ನಮ್ಮವ್ವಂದು ತಪ್ಪಿಲ್ಲ ಅಂತ ನಿಮ್ಮವ್ವನೇ ಅನ್ಲಿ, ಆಗ ಬತ್ತೀನಿ," ಎಂದು ಭಾಗ್ಯ ಬಟ್ಟೆ ಗಂಟು ಕಟ್ಟಿ ತವರಿಗೆ ನಡೆದಳು. ತವರು ಗೋಡೆಯಾಚೆಯೇ; ಆದರೂ ನಾಗೇಂದ್ರನಿಗೆ ಅದು ಕಾಶಿಗಿಂತ ದೂರವಾಯಿತು.

ಇಬ್ಬರ ಮೂಗಿಗೂ ಕಡ್ಡಿ ಹಾಕಿದ. ಇಬ್ಬರಿಗೂ ಕೊರೊನಾ. ಜೋರೇನಲ್ಲ, ಜಗಳಕ್ಕೆ ಬೇಕಾದಷ್ಟು ಉಸಿರು ಉಳಿದಿತ್ತು. ಗಡಿ ತಾಲ್ಲೂಕಿಗೆ ಹೊಸ ತಳಿ ಬಂದಿದೆಯೇ ಎಂದು ಹುಡುಕುತ್ತಿದ್ದ ಕಾಲವಾದ್ದರಿಂದ ಎರಡೂ ಮಾದರಿಗಳು ಚಾಮರಾಜನಗರದ ಮೂಲಕ ವೈರಸ್ಸಿನ ವಂಶವಾಹಿ ಓದುವ ಲ್ಯಾಬಿಗೆ ಹೋದವು. ಒಂದೇ ತಳಿ ಎಂದು ಬಂದರೆ ಯಾರಿಂದ ಯಾರಿಗೆ ಎಂಬ ವ್ಯಾಜ್ಯ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು. ಆ ಮೊಮ್ಮಕ್ಕಳಾಗಬೇಕಾದರೂ ಮೊದಲು ಭಾಗ್ಯ ಮನೆಗೆ ಬರಬೇಕು.

ಕೆಮ್ಮು ವಾಸಿಯಾಯಿತು, ಜಗಳ ವಾಸಿಯಾಗಲಿಲ್ಲ. ಕೊನೆಗೆ ಲ್ಯಾಬಿನ ವರದಿ ತಿಳಿಸಲು ಚಾಮರಾಜನಗರದ ಆರೋಗ್ಯ ಇಲಾಖೆಯ ಸ್ವರ್ಣಲತಾ ಮೇಡಂ ಫೋನು ಬಂದದ್ದೇ ನಾಗೇಂದ್ರ ಬೈಕಿನ ಚಕ್ರ ನೆಲಕ್ಕೆ ಸೋಕದಂತೆ ಊರು ಸೇರಿದ. ಕಂಬಳಿ ಹೊದ್ದು, ಹಸುವಿನ ಕೊರಳ ಗಂಟೆ ಬಿಚ್ಚಿಕೊಂಡು, ಸುಗ್ಗಿಯಲ್ಲಿ ಮನೆಮನೆಗೂ ಬಂದು ಅವರವರ ವಂಶ ಹೇಳುವ ಹೆಳವನಂತೆ ಎರಡು ಬಾಗಿಲ ನಡುವೆ ನಿಂತ.

"ಕೇಳ್ರವ್ವ. ಇದು ಓಮಿಕ್ರಾನ್ ವಂಶ. ರೂಪ ಬದ್ಲಾಯ್ಸ್ಕಂಡು ಬೆಳೀತು, ಕವಲೊಡೀತು. ನಮ್ಮವ್ವನ ಮೂಗ್ನಲ್ಲಿದ್ದುದು ಜೆಎನ್ ಒಂದು, ಹೊಸ ಕವಲು. ನಮ್ಮತ್ತೇದು ಎಕ್ಸ್‌ಬಿಬಿ, ಅದ್ಕೂ ಮುಂಚಿನ ಬ್ಯಾರೆ ಕವಲು. ಇದ್ರಿಂದ ಅದು ಉಟ್ಟಿಲ್ಲ, ಅದ್ರಿಂದ ಇದು ಉಟ್ಟಿಲ್ಲ. ಯಾರ್ ಕೆಮ್ಮೂ ಗ್ವಾಡೆ ಹಾರಿಲ್ಲ."



"ಅಂಗಾರೆ ಬೀಗಿತ್ತೀದು ತಪ್ಪಿಲ್ಲ ಬುಡು," ಎಂದಳು ಚಿಕ್ಕಮಾದಮ್ಮ, ನೆಲ ನೋಡುತ್ತ. ಮರುಗಳಿಗೆ ತಲೆಯೆತ್ತಿದಳು. "ಆದ್ರೂ ಹೊಸಾದು ನಮ್ದೇ ಕಣಮ್ಮಿ."

"ಇರ್ಲಿ ತಗಾ. ನಮ್ದು ಮೊದ್ಲಿಂದ ಬಾಳಿದ್ ಮನೆತನ," ಎಂದಳು ಚಿಕ್ಕನಿಂಗಮ್ಮ.

"ವಂಶ ಹೇಳಿದ್ ಹೆಳವನ್ಗೆ ಏನೂ ಇಲ್ವಾ, ಅತ್ತೆ?"

"ಮೊರದಲ್ಲಿ ರಾಗಿ ತತ್ತೀನಿ, ಇರಿ."

"ರಾಗಿ ಬ್ಯಾಡ, ಮಗಳ ಕಳ್ಸಿ."

ಭಾಗ್ಯ ಆಗಲೇ ಹೊಸ್ತಿಲು ದಾಟಿದ್ದಳು, ಕಂಕುಳಲ್ಲಿ ಬಟ್ಟೆ ಗಂಟು, ತಲೆಯ ಮೇಲೆ ಮಂಕರಿ ತುಂಬ ಅವರೆಕಾಯಿ. ಅದನ್ನು ಗಂಡನ ಕಾಲ ಬಳಿ ಇಳಿಸಿದಳು.

"ಹೆಳವಯ್ಯ, ಆ ಗಂಟೆ ಹಸೂಗೆ ಕಟ್ಬುಟ್ಟು ಬಂದು ಇದ್ನ ಸುಲಿ. ನಾಳೆ ನಾವ್ ಮೂರೂ ಜನ ಇತುಕ್ಬೇಕು."